ಯುದ್ಧಕ್ಕೆ ಹೊರಡುವ ಮೊದಲು ನಾಲ್ಕು ಜನರನ್ನು ಕೇಳಬೇಕು

ಗಲ್ಫಿನಲ್ಲಿ ಬಾಂಬು ಬಿದ್ದರೆ ಕಾಸರಗೋಡಿನ ಮನೆಗಳಲ್ಲಿ ನಿದ್ದೆ ಹಾರುತ್ತದೆ. ಮಗನೋ, ಅಳಿಯನೋ ಅಲ್ಲಿ ದುಡಿಯುತ್ತಿರುವ ಮನೆಗಳು ಇಲ್ಲಿ ಊರಿಗೆ ಹತ್ತಾರಿವೆ. ಹಾಗಾಗಿ ಒಂದು ದೇಶ ಯುದ್ಧಕ್ಕೆ ಹೊರಟಾಗ ಉಳಿದ ದೇಶಗಳು ಅದರ ಜತೆಗಿವೆಯೋ ಇಲ್ಲವೋ ಎಂಬುದು ಬರೀ ದೊಡ್ಡವರ ರಾಜಕೀಯವಲ್ಲ.

ಎರಡು ಯುದ್ಧಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಸೇನೆ ಕುವೈಟಿಗೆ ನುಗ್ಗಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದೇ ದಿನ ಖಂಡಿಸಿತು. ಜಾಗ ಖಾಲಿ ಮಾಡಲು 1991ರ ಜನವರಿ 15ರ ಗಡುವು ಕೊಟ್ಟಿತು. ಅಮೆರಿಕದ ಜತೆ ಮೂವತ್ತಕ್ಕೂ ಹೆಚ್ಚು ದೇಶಗಳು ನಿಂತವು. ಈಜಿಪ್ಟ್, ಸಿರಿಯಾಗಳೂ ಇದ್ದವು. ಖರ್ಚಿನ ಬಹುಪಾಲನ್ನು ಸೌದಿ, ಕುವೈಟ್, ಜಪಾನ್, ಜರ್ಮನಿ ಮುಂತಾದವು ಹೊತ್ತವು. ಆರು ವಾರಗಳಲ್ಲಿ ಕುವೈಟ್ ಬಿಡುಗಡೆಯಾಯಿತು. ಮಂಡಳಿಯ ಒಪ್ಪಿಗೆ ಇದ್ದದ್ದು ಅಷ್ಟಕ್ಕೇ. ಸೇನೆ ಬಾಗ್ದಾದಿಗೆ ಹೋಗಲಿಲ್ಲ.

2003ರಲ್ಲಿ ಹಾಗಾಗಲಿಲ್ಲ. ಫ್ರಾನ್ಸ್, ಜರ್ಮನಿ, ರಷ್ಯಾ ಬೇಡವೆಂದವು. ತುರ್ಕಿಯ ಸಂಸತ್ತು ಅಮೆರಿಕದ ಸೇನೆಗೆ ದಾರಿ ಬಿಡಲಿಲ್ಲ. ಮಂಡಳಿಯ ಹೊಸ ಒಪ್ಪಿಗೆ ಇಲ್ಲದೆಯೇ ಅಮೆರಿಕ ಬ್ರಿಟನ್ ಮೊದಲಾದ ಕೆಲವರನ್ನು ಕಟ್ಟಿಕೊಂಡು ನುಗ್ಗಿತು. ಮೂರು ವಾರದಲ್ಲಿ ಬಾಗ್ದಾದ್ ಬಿತ್ತು ನಿಜ, ಕಷ್ಟ ಶುರುವಾದದ್ದೇ ಆಮೇಲೆ. ಕಾವಲಿಗೆ ಜನ ಬೇಕೆಂದು ಕೇಳಿದಾಗ ಭಾರತವೂ ಆ ಜುಲೈನಲ್ಲಿ ಸೇನೆ ಕಳಿಸಲು ಒಪ್ಪಲಿಲ್ಲ. ಯುದ್ಧಕ್ಕೆ ಕಾರಣವೆಂದು ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಸಿಗಲೇ ಇಲ್ಲ. 2011ರಲ್ಲಿ ಸೇನೆ ವಾಪಸಾಗುವ ಹೊತ್ತಿಗೆ ಸುಮಾರು 4,500 ಅಮೆರಿಕನ್ ಸೈನಿಕರೂ ಲಕ್ಷಕ್ಕೂ ಹೆಚ್ಚು ಇರಾಕಿ ನಾಗರಿಕರೂ ಪ್ರಾಣ ಕಳೆದುಕೊಂಡಿದ್ದರು.

ಬೆಂಬಲ ಸಿಕ್ಕಿದ ಮಾತ್ರಕ್ಕೆ ಯುದ್ಧ ಪುಣ್ಯದ ಕೆಲಸವಾಗದು. 1991ರಲ್ಲೂ ಅಮಾಯಕರು ಸತ್ತರು. ಅದಕ್ಕೂ ಮೊದಲು, 1990ರಲ್ಲೇ, ಸುಮಾರು 1.7 ಲಕ್ಷ ಭಾರತೀಯರನ್ನು ಕುವೈಟಿನಿಂದ ತೆರವು ಮಾಡಬೇಕಾಯಿತು. ಹೆಚ್ಚಿನವರು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನ ಹತ್ತಿ ಬಂದರು. ಎಷ್ಟೋ ಮಂದಿಯ ವರ್ಷಗಳ ದುಡಿಮೆ ಅಲ್ಲೇ ಉಳಿಯಿತು.

ಆದರೂ ನಾಲ್ಕು ದೇಶಗಳ ಮುಂದೆ ಕಾರಣ ಹೇಳಬೇಕಾಗಿ ಬಂದಾಗ ಆ ಕಾರಣ ಗಟ್ಟಿಯೋ ಜಳ್ಳೋ ಎಂಬುದು ಗೊತ್ತಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಗೆರೆಯೂ ಬೀಳುತ್ತದೆ. ಗೆಳೆಯರೇ ಬೇಡ ಅಂದಾಗ ಅದನ್ನು ಹಗೆಯ ಮಾತೆಂದು ತಳ್ಳಿಹಾಕದೆ ಒಂದು ಗಳಿಗೆ ನಿಂತು ಕೇಳುವ ದೇಶಕ್ಕೆ ನಷ್ಟವಿಲ್ಲ. ಕೇಳದೆ ಹೋದರೆ ಅದರ ಬೆಲೆ ತೆರುವವರಲ್ಲಿ ದೂರದ ಊರಿನ ಬಡವರೂ ಇರುತ್ತಾರೆ.