ಆ ಚಿತ್ರವನ್ನು ಕೊಂಡವರು ಯಾರು?

ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕಾಯುತ್ತಾ ಕುಳಿತಿದ್ದೆವು. ಪಕ್ಕದ ಹುಡುಗಿಯ ಮೊಬೈಲಿನಲ್ಲಿ ಯಾರೋ ನಟಿ ಮುಖ ಮುಚ್ಚಿಕೊಂಡು ಆಸ್ಪತ್ರೆಯಿಂದ ಹೊರಬರುವ ದೃಶ್ಯ. ಸುತ್ತಲೂ ಕ್ಯಾಮರಾಗಳ ದಂಡು. "ಪಾಪ, ಅವಳನ್ನು ಅವಳ ಪಾಡಿಗೆ ಬಿಡಬಾರದೇ?" ಎಂದರು ಹಿರಿಯರೊಬ್ಬರು. ನಾವೆಲ್ಲರೂ ತಲೆಯಾಡಿಸಿದೆವು. ಆದರೆ ದೃಶ್ಯ ಮುಗಿಯುವವರೆಗೆ ಯಾರೂ ಕಣ್ಣು ಕೀಳಲಿಲ್ಲ. ನಾನೂ ಕೀಳಲಿಲ್ಲ.

ಆ ರಾತ್ರಿ ನನಗೆ ಡಯಾನಾಳ ನೆನಪಾಯಿತು. 1997ರ ಆಗಸ್ಟ್ 31. ನಡುರಾತ್ರಿ ಕಳೆದಿತ್ತು. ಪ್ಯಾರಿಸ್ಸಿನ ಹೋಟೆಲೊಂದರ ಹಿಂಬಾಗಿಲಿನಿಂದ ಹೊರಟ ಆಕೆಯ ಕಾರನ್ನು ಛಾಯಾಗ್ರಾಹಕರು ಬೆನ್ನಟ್ಟಿದರು. ಸುರಂಗ ಮಾರ್ಗದಲ್ಲಿ ಕಾರು ಕಂಬಕ್ಕೆ ಬಡಿಯಿತು. ಡಯಾನಾ, ಜೊತೆಗಿದ್ದ ಡೋಡಿ ಫಯಾದ್ ಮತ್ತು ಚಾಲಕ ಮೃತಪಟ್ಟರು. ನಜ್ಜುಗುಜ್ಜಾದ ಕಾರಿನ ಬಳಿಯೂ ಕ್ಯಾಮರಾಗಳು ಮಿಂಚಿದವು. ಆಗ ಆಕೆಗೆ ಕೇವಲ 36 ವರ್ಷ. ಇಬ್ಬರು ಗಂಡುಮಕ್ಕಳ ತಾಯಿ.

ತಪ್ಪು ಯಾರದು? ಫ್ರಾನ್ಸಿನ ತನಿಖೆ 1999ರಲ್ಲಿ, ಕುಡಿದು ಕಾರು ಓಡಿಸಿದ ಚಾಲಕನತ್ತ ಬೆರಳು ತೋರಿಸಿತು. 2008ರಲ್ಲಿ ಲಂಡನ್ನಿನ ಜ್ಯೂರಿಯು ಚಾಲಕನ ಜೊತೆಗೆ, ಬೆನ್ನಟ್ಟಿದ ವಾಹನಗಳವರ ತೀವ್ರ ನಿರ್ಲಕ್ಷ್ಯವೂ ಕಾರಣವೆಂದು ಹೇಳಿತು.

ಆದರೆ ಯಾವ ನ್ಯಾಯಾಲಯವೂ ಕಟಕಟೆಗೆ ಕರೆಯದ ಇನ್ನೊಬ್ಬರಿದ್ದಾರೆ. ಅವರೇ ಓದುಗರು. ಆಕೆಯ ಚಿತ್ರಕ್ಕೆ ಪತ್ರಿಕೆಗಳು ದೊಡ್ಡ ಮೊತ್ತ ಕೊಡುತ್ತಿದ್ದದ್ದು, ಅದು ಮುಖಪುಟದಲ್ಲಿದ್ದರೆ ಪತ್ರಿಕೆ ಹೆಚ್ಚು ಮಾರಾಟವಾಗುತ್ತಿತ್ತು ಎಂಬ ಕಾರಣಕ್ಕೆ. ಆಕೆ ಸತ್ತಾಗ ಅರಮನೆಯ ಬಾಗಿಲಲ್ಲಿ ಹೂವಿನ ರಾಶಿ ಬಿತ್ತು. ಹೂವಿಟ್ಟು ಅತ್ತವರಲ್ಲಿ ಆ ಪತ್ರಿಕೆಗಳನ್ನು ಕೊಂಡವರು ಎಷ್ಟು ಮಂದಿಯೋ! ಅವರ ಕಣ್ಣೀರು ಸುಳ್ಳಲ್ಲ. ಆದರೆ ಅವರು ಕೊಟ್ಟ ಕಾಸೂ ಸುಳ್ಳಲ್ಲ.

ಇದು ದೂರದ ದೊಡ್ಡವರ ಕಥೆಯೆಂದು ಪುಟ ತಿರುವಬೇಡಿ. ನಟ ಸುಶಾಂತ್ ಸಿಂಗ್ ರಜಪೂತ್ 2020ರ ಜೂನ್‌ನಲ್ಲಿ ಮೃತಪಟ್ಟಾಗ ನಮ್ಮ ದೇಶದ ಟಿ.ವಿ. ಚಾನೆಲ್‌ಗಳು ತಿಂಗಳುಗಟ್ಟಲೆ ವಿಚಾರಣೆ ನಡೆಸಿದವು. ಆತನ ಗೆಳತಿ ರಿಯಾ ಚಕ್ರವರ್ತಿಯನ್ನು ಮಾಟಗಾತಿಯೆಂದೂ ಕೊಲೆಗಾತಿಯೆಂದೂ ಚಿತ್ರಿಸಿದವು. ಮಾದಕ ವಸ್ತುವಿನ ಪ್ರಕರಣದಲ್ಲಿ ಆಕೆ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. ಇಂತಹ ಮಾಧ್ಯಮ ವಿಚಾರಣೆ ನ್ಯಾಯದಾನಕ್ಕೆ ಅಡ್ಡಿಯೆಂದು ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಸಾವಿನ ತನಿಖೆ ನಡೆಸಿದ ಸಿ.ಬಿ.ಐ. 2025ರ ಮಾರ್ಚ್‌ನಲ್ಲಿ ಮುಕ್ತಾಯ ವರದಿ ಸಲ್ಲಿಸಿತು. ಆಗ ಯಾವ ಚಾನೆಲ್ ತಿಂಗಳುಗಟ್ಟಲೆ ಕ್ಷಮೆ ಕೇಳಿತು? ನೋಡಿದ ನಾವಾದರೂ, "ಅಯ್ಯೋ, ಆ ಹುಡುಗಿಯನ್ನು ಸುಮ್ಮನೆ ಬೈದೆವಲ್ಲ" ಎಂದುಕೊಂಡೆವೇ?

ನೆರೆಮನೆಯ ಕಿಟಕಿಯಲ್ಲಿ ಇಣುಕುವುದು ತಪ್ಪೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಪರದೂಷಣೆ ಪಾಪವೆಂದು ಹೇಳಿಕೊಡುತ್ತೇವೆ. ಆದರೆ ಇಣುಕುವ ಕೆಲಸವನ್ನು ಕ್ಯಾಮರಾದವನಿಗೆ ವಹಿಸಿ ನಾವು ಸೋಫಾದ ಮೇಲೆ ಕುಳಿತರೆ ಪಾಪ ಅವನೊಬ್ಬನದೇ ಆಗುತ್ತದೆಯೇ?

ಪತ್ರಕರ್ತರ ಹೊಣೆ ದೊಡ್ಡದು, ಒಡೆಯರದು ಇನ್ನೂ ದೊಡ್ಡದು. ಅದನ್ನು ಕೇಳೋಣ. ಜೊತೆಗೆ ನಮ್ಮ ಪಾಲನ್ನೂ ಒಪ್ಪಿಕೊಳ್ಳೋಣ. ಟಿ.ಆರ್.ಪಿ. ಎಂಬುದು ನಾವು ನೋಡಿದ್ದರ ಲೆಕ್ಕ. ಅಳುವವರ ಮುಖಕ್ಕೆ ಮೈಕು ಹಿಡಿದಾಗ ಚಾನೆಲ್ ಬದಲಿಸಿ. ಯಾರದೋ ಮನೆಯ ಜಗಳದ ವೀಡಿಯೋ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. "ಇದು ನನ್ನ ಮಗಳಾಗಿದ್ದರೆ?" ಎಂದು ಒಮ್ಮೆ ಕೇಳಿಕೊಳ್ಳಿ.

ಮದುವೆ ಮನೆಯಲ್ಲಿ ನಾನು ಹಾಗೆ ಕೇಳಿಕೊಳ್ಳಲಿಲ್ಲ. ಮುಂದಿನ ಸಲ ಕೇಳಿಕೊಳ್ಳುತ್ತೇನೆ. ನೀವು?