ನಮಗಿಂತ ಮೊದಲೇ ಗಡಿ ಸೇರುವ ವಿವರ



ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಪರದೇಶಕ್ಕೆ ಹೊರಡುವ ತಂದೆತಾಯಿಗಳು ಇಂದು ನಮ್ಮ ಸಮಾಜದಲ್ಲಿ ಅನೇಕರು. ವಿಭೂತಿ, ಔಷಧಿಗಳನ್ನು ಮರೆಯದೆ ಜೋಡಿಸಿಕೊಳ್ಳುವ ಇವರಲ್ಲಿ ಬಹುಮಂದಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ಅವರು ಗಡಿ ಮುಟ್ಟುವ ಮೊದಲೇ ಅವರ ವಿವರ ಅಲ್ಲಿಯ ಅಧಿಕಾರಿಗಳ ಕೈಸೇರಿರುತ್ತದೆ.

ಈ ವಿವರ ಎರಡು ಬಗೆಯದು. ಪಾಸ್‌ಪೋರ್ಟಿನಲ್ಲಿರುವ ಹೆಸರು, ಜನ್ಮದಿನಾಂಕ, ರಾಷ್ಟ್ರೀಯತೆಗಳು ಮೊದಲನೆಯವು. ಟಿಕೆಟು ಕಾದಿರಿಸುವಾಗ ದಾಖಲಾದ ದೂರವಾಣಿ ಸಂಖ್ಯೆ, ಹಣ ಪಾವತಿಸಿದ ರೀತಿ, ಸಹಪ್ರಯಾಣಿಕರು, ಆಸನ, ಸಾಮಾನುಗಳು ಎರಡನೆಯವು. 2001ರ ಸೆಪ್ಟೆಂಬರ್ ದಾಳಿಯ ತರುವಾಯ ಅದೇ ನವೆಂಬರಿನಲ್ಲಿ ಅಮೆರಿಕವು ಇದನ್ನು ಶಾಸನಬದ್ಧಗೊಳಿಸಿತು. 2017ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಸದಸ್ಯ ರಾಷ್ಟ್ರಗಳೆಲ್ಲಕ್ಕೂ ಇಂಥ ವ್ಯವಸ್ಥೆಯನ್ನು ವಿಧಿಸಿತು. ಭಾರತವು 2022ರ ಆಗಸ್ಟಿನಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ವಿಮಾನ ಸಂಸ್ಥೆಗಳು ನಿರ್ಗಮನಕ್ಕೆ 24 ಗಂಟೆ ಮುಂಚಿತವಾಗಿ ಸುಂಕ ಇಲಾಖೆಗೆ ಈ ವಿವರಗಳನ್ನು ಒಪ್ಪಿಸಬೇಕು. ಇಲಾಖೆ ಅವನ್ನು ಐದು ವರ್ಷ ಇರಿಸಿಕೊಳ್ಳಬಹುದು.

ಕಳ್ಳಸಾಗಣೆಯನ್ನೂ ಭಯೋತ್ಪಾದನೆಯನ್ನೂ ತಡೆಯುವುದು ರಾಜ್ಯದ ಧರ್ಮ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಾವು ಸಸ್ಯಾಹಾರ ಬೇಕೆಂದು ಬರೆಸುತ್ತೇವೆ. ವೃದ್ಧ ತಾಯಿಗೆ ಗಾಲಿಕುರ್ಚಿ ಕೇಳುತ್ತೇವೆ. ಊಟದ ಆಯ್ಕೆ ಮತವನ್ನು ಸೂಚಿಸಬಲ್ಲದು, ಗಾಲಿಕುರ್ಚಿ ಆರೋಗ್ಯವನ್ನು. ಕೆನಡಾದೊಡನೆ ಯೋಜಿಸಿದ್ದ ಇಂಥದೇ ಒಪ್ಪಂದವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರ ಜುಲೈನಲ್ಲಿ ಇದ್ದ ರೂಪದಲ್ಲಿ ಒಪ್ಪಲಿಲ್ಲ. ಇಂಥ ಸೂಕ್ಷ್ಮ ವಿವರಗಳ ವರ್ಗಾವಣೆಯೂ ಅದಕ್ಕೊಂದು ಕಾರಣ. ನಮ್ಮ 2022ರ ನಿಯಮಗಳೂ ಮತವನ್ನೋ ಆರೋಗ್ಯವನ್ನೋ ಬಯಲಿಗೆಳೆಯಲು ಈ ವಿವರಗಳನ್ನು ಬಳಸಬಾರದೆಂದು ನಿಷೇಧಿಸಿವೆ. ಈ ನಿಷೇಧ ಕಾಗದದಲ್ಲಿ ಉಳಿಯದೆ ಆಚರಣೆಗೆ ಬರಬೇಕೆಂದು ಕೇಳುವುದು ಪ್ರಜೆಗಳಾದ ನಮ್ಮ ಹಕ್ಕು. ಬಂದವರ ಕುಲವನ್ನು ಕೇಳದೆ ಬರಮಾಡಿಕೊಂಡ ಅನುಭವ ಮಂಟಪದ ವಾರಸುದಾರರಿಗೆ ಈ ಮಾತು ಹೊಸದಲ್ಲ.

ನಮ್ಮ ಕರ್ತವ್ಯವೂ ಇದೆ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ಮನೆತನದ ಹೆಸರು, ತಂದೆಯ ಹೆಸರುಗಳು ಹಿಂದುಮುಂದಾಗದಿರಲಿ. ಜನ್ಮದಿನಾಂಕವನ್ನು ಎರಡು ಬಾರಿ ಓದಿ ನೋಡಿರಿ. ಟಿಕೆಟು ಮಾಡಿಸಿಕೊಟ್ಟವರ ದೂರವಾಣಿಯ ಬದಲು ನಿಮ್ಮದನ್ನೇ ಬರೆಸಿರಿ. ಒಂದಕ್ಷರದ ತಪ್ಪಿನಿಂದ ಹಿರಿಯರು ಭಾಷೆ ತಿಳಿಯದ ನಾಡಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದೀತು.

ಸತ್ಯವನ್ನು ಹೇಳುವುದು ನಮ್ಮ ಪಾಲಿನ ನಡೆ. ಹೇಳಿದ್ದನ್ನು ಮಿತಿಯಲ್ಲಿ ಬಳಸುವುದು ಆಳುವವರ ಪಾಲಿನದು. ಎರಡೂ ಕೂಡಿದಾಗಲೇ ಪ್ರಯಾಣ ನಿರ್ಭಯವಾದೀತು.