ಕಾರಿಗೆ ರೆಕ್ಕೆ ಬಂದಿದ್ದು ಎಲ್ಲಿಂದ?

ಹಳೇ ಪ್ರೀಮಿಯರ್ ಪದ್ಮಿನಿಯ ಫೋಟೋ ಸಿಕ್ಕರೆ ಹಿಂಭಾಗವನ್ನ ಸ್ವಲ್ಪ ಜೂಮ್ ಮಾಡಿ ನೋಡಿ. ಟೇಲ್ ಲ್ಯಾಂಪಿನ ಹತ್ತಿರ ಎರಡೂ ಕಡೆ ಬಾಡಿಯ ಅಂಚು ಪುಟ್ಟ ರೆಕ್ಕೆಯ ಹಾಗೆ ಎದ್ದಿರುತ್ತೆ. ಮುಂಬೈ ಟ್ಯಾಕ್ಸಿಗೆ ರೆಕ್ಕೆ ಯಾಕಪ್ಪಾ ಬೇಕಿತ್ತು?

ಇದರ ಮೂಲ ಹುಡುಕುತ್ತಾ ಹೋದರೆ ಎರಡನೇ ಮಹಾಯುದ್ಧದ ಒಂದು ವಿಮಾನ ಸಿಗುತ್ತೆ. ಜನರಲ್ ಮೋಟಾರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಮತ್ತವರ ತಂಡ ಪಿ-38 ಲೈಟ್ನಿಂಗ್ ಅನ್ನೋ ಎರಡು ಬಾಲದ ಯುದ್ಧವಿಮಾನ ನೋಡಿ ಮರುಳಾಗಿಬಿಟ್ಟಿತು. ಅದರ ಫಲ, 1948ರ ಕ್ಯಾಡಿಲಾಕ್‌ನ ಹಿಂದೆ ಎರಡು ಪುಟ್ಟ ರೆಕ್ಕೆ.

ಆಮೇಲೆ ಬಂತು ಜೆಟ್ ಹುಚ್ಚು. ಕೊರಿಯಾ ಯುದ್ಧದಲ್ಲಿ ಹೆಸರು ಮಾಡಿದ ಎಫ್-86 ಸೇಬರ್ ವಿಮಾನದ ಹೆಸರಲ್ಲೇ 1951ರಲ್ಲಿ ಅರ್ಲ್ 'ಲೆ ಸೇಬರ್' ಅನ್ನೋ ಪ್ರದರ್ಶನದ ಕಾರು ಮಾಡಿದರು. ಮುಂದುಗಡೆ ಜೆಟ್ ಗಾಳಿ ಎಳೆಯುವ ಬಾಯಿ ಇದ್ದ ಹಾಗೆ ಒಂದು ಗೂಡು, ಹೆಡ್‌ಲೈಟ್ ಅದರೊಳಗೆ ಬಚ್ಚಿಟ್ಟುಕೊಂಡಿತ್ತು. ಮಳೆ ಹನಿ ಬಿದ್ದರೆ ಟಾಪ್ ತಾನೇ ಮುಚ್ಚಿಕೊಳ್ಳೋ ಸೆನ್ಸರ್ ಕೂಡ ಇತ್ತು!

ಹೆಸರುಗಳೂ ಆಕಾಶಕ್ಕೇ ಹಾರಿದವು. ಓಲ್ಡ್ಸ್‌ಮೊಬೈಲ್ 1949ರಲ್ಲೇ ತನ್ನ ಇಂಜಿನ್ನಿಗೆ 'ರಾಕೆಟ್' ಅಂತ ಹೆಸರಿಟ್ಟಿತ್ತು. ಆಮೇಲೆ ಬಂದ 'ಸ್ಟಾರ್‌ಫೈರ್' ಕೂಡ ಒಂದು ಜೆಟ್ ವಿಮಾನದ ಹೆಸರೇ. 1957ರಲ್ಲಿ ಸ್ಪುಟ್ನಿಕ್ ಹಾರಿದ್ದೇ ತಡ, ಗ್ಯಾಲಕ್ಸಿ, ಕಾಮೆಟ್ ಅಂತ ಕಾರುಗಳು ರಸ್ತೆಗಿಳಿದವು. ಬಾನೆಟ್ ಎತ್ತಿದರೆ ಮಾತ್ರ ಅದೇ ಪೆಟ್ರೋಲ್ ಇಂಜಿನ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಯುಐ ಜೆಟ್, ಬ್ಯಾಕೆಂಡ್ ಹಳೇದೇ.

ವರ್ಷ ವರ್ಷ ಹೊಸ ರೂಪ ಕೊಟ್ಟು, ಹೋದ ವರ್ಷದ ಕಾರು ಹಳತಾಗಿ ಕಾಣುವಂತೆ ಮಾಡೋದೇ ವ್ಯಾಪಾರದ ಗುಟ್ಟಾಗಿತ್ತು. ಹೀಗಾಗಿ ರೆಕ್ಕೆ ಬೆಳೆಯುತ್ತಲೇ ಹೋಗಿ, 1959ರ ಕ್ಯಾಡಿಲಾಕ್‌ನಲ್ಲಿ ತುತ್ತತುದಿ ಮುಟ್ಟಿತು. ಒಂದೊಂದು ರೆಕ್ಕೆಗೂ ಜೆಟ್ ಉರಿಯನ್ನ ನೆನಪಿಸೋ ಎರಡೆರಡು ಕೆಂಪು ದೀಪ. ರೆಕ್ಕೆಯಿಂದ ಕಾರು ವೇಗದಲ್ಲಿ ಅಲುಗಾಡಲ್ಲ ಅಂತ ಕ್ರೈಸ್ಲರ್ ಹೇಳಿಕೊಂಡಿತ್ತು. ಮಾಮೂಲಿ ವೇಗದಲ್ಲಿ ಅದರ ಉಪಯೋಗ ಅಷ್ಟಕ್ಕಷ್ಟೇ. ಚೂಪಾದ ಆ ರೆಕ್ಕೆಗಳು ಜನರಿಗೆ ಚುಚ್ಚಿ ಆದ ಅನಾಹುತಗಳನ್ನ ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಬರೆದರು.

ಬರೀ ವೇಷ ಸಾಲದು ಅಂತ ಕ್ರೈಸ್ಲರ್ ನಿಜವಾದ ಟರ್ಬೈನ್ ಇಂಜಿನ್ನನ್ನೂ ಕಾರಿಗೆ ಹಾಕಿ ನೋಡಿತು. 1963ರಿಂದ ಅಂಥ 50 ಕಾರುಗಳನ್ನ 200ಕ್ಕೂ ಹೆಚ್ಚು ಜನಸಾಮಾನ್ಯರಿಗೆ ಸರದಿಯ ಮೇಲೆ ಓಡಿಸೋಕೆ ಕೊಟ್ಟಿತು. ಡೀಸೆಲ್, ಸೀಮೆಎಣ್ಣೆ ಏನು ಹಾಕಿದರೂ ಓಡುತ್ತಿತ್ತು. ಆದರೆ ಇಂಧನ ಜಾಸ್ತಿ ಕುಡಿಯುತ್ತಿತ್ತು, ತಯಾರಿಕೆ ದುಬಾರಿ, ಆಕ್ಸಿಲರೇಟರ್ ಒತ್ತಿದರೆ ತಡವಾಗಿ ಏಳುತ್ತಿತ್ತು. ಕೊನೆಗೆ ಹೆಚ್ಚಿನವನ್ನ ಕಂಪನಿಯೇ ನಾಶ ಮಾಡಿತು.

ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಅದೇ 1959ರಲ್ಲಿ ಸ್ವೀಡನ್‌ನಲ್ಲಿ ನಡೆದ ಇನ್ನೊಂದು ಘಟನೆ. ನಿಲ್ಸ್ ಬೋಲಿನ್ ಅನ್ನೋ ಇಂಜಿನಿಯರ್ ಮೊದಲು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನ ಹೊರಗೆ ಚಿಮ್ಮಿಸೋ ಸೀಟುಗಳ ಮೇಲೆ ಕೆಲಸ ಮಾಡಿದವರು. ವೋಲ್ವೋ ಸೇರಿ, ಎದೆ ಮತ್ತು ಸೊಂಟ ಎರಡನ್ನೂ ಹಿಡಿಯೋ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದ ಸೀಟ್ ಬೆಲ್ಟ್ ಮಾಡಿದರು. ವೋಲ್ವೋ ಅದರ ಪೇಟೆಂಟನ್ನ ಬೇರೆ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು.

ಒಂದೇ ವರ್ಷ, ಜೆಟ್ ಲೋಕದಿಂದ ಕಾರಿಗೆ ಬಂದ ಎರಡು ವಸ್ತು. ಶೋರೂಮಿನಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡಿದ್ದು ರೆಕ್ಕೆಯನ್ನ. ಅಮೆರಿಕದಲ್ಲಿ ಅದು ಕೆಲವೇ ವರ್ಷದಲ್ಲಿ ಮಾಯವಾಯ್ತು. ಫಿಯಟ್ 1100 ಮೂಲಕ ಬಂದ ನಮ್ಮ ಪದ್ಮಿನಿಯಲ್ಲಿ ಮಾತ್ರ 1990ರ ದಶಕದವರೆಗೂ ಉಳಿದಿತ್ತು. ಬೆಲ್ಟ್ ಇವತ್ತಿಗೂ ಪ್ರತಿ ಕಾರಿನಲ್ಲೂ ಇದೆ.

ಮುಂದಿನ ಸಲ ಕ್ಯಾಬ್ ಹತ್ತಿ ಹಿಂದಿನ ಸೀಟಿನಲ್ಲಿ ಕೂತಾಗ, ಮೊಬೈಲ್ ತೆಗೆಯೋಕೆ ಮುಂಚೆ ಅದನ್ನೊಮ್ಮೆ ಎಳೆದು ಹಾಕ್ಕೊಳ್ಳಿ.